ಒಂದೇ ಪ್ರೋಟೀನ್, ಮುಗಿಯದ ಕೆಲಸ, ಜೊತೆಗೊಂದಷ್ಟು ಕ್ಲಾಸ್‌ಗಳು

ಏನ್ ಕೆಲಸ ಮಾಡ್ತೀರಿ ಅಂತ ಯಾರಾದ್ರೂ ಕೇಳಿದ್ರೆ ಮೊದಲೆಲ್ಲಾ ಉದ್ದಕ್ಕೆ ಶುರು ಮಾಡ್ತಿದ್ದೆ, ಈಗ "ಕ್ಯಾನ್ಸರ್ ರಿಸರ್ಚು, ಯೂನಿವರ್ಸಿಟೀಲಿ ಪಾಠ" ಅಂತ ಮುಗಿಸಿಬಿಡ್ತೀನಿ. ಆಮೇಲೆ ಬರೋ ಪ್ರಶ್ನೆ ಎಲ್ಲರದ್ದೂ ಒಂದೇ, ಔಷಧಿ ಯಾವಾಗ ಬರುತ್ತೆ ಅಂತ. ಅದಕ್ಕೆ ಚಿಕ್ಕ ಉತ್ತರ ನನ್ನ ಹತ್ರ ಯಾವತ್ತೂ ಇರಲಿಲ್ಲ, ಅದಕ್ಕೇ ಈ ಉದ್ದ ಬರಹ, ಪುರುಸೊತ್ತಿದ್ರೆ ಓದಿ.

ನನ್ನ ಕೆಲಸದ ವರ್ಷಗಳಲ್ಲಿ ಬಹುಪಾಲು ಹೋಗಿದ್ದು ಒಂದೇ ಒಂದು ಪ್ರೋಟೀನ್ ಹಿಂದೆ. ಹೆಸರು ಪಿ53. ಅಮೈನೋ ಆಸಿಡ್ ಅಂದ್ರೆ ಪ್ರೋಟೀನ್ ಕಟ್ಟೋ ಮಣಿಗಳು, ಅಂಥ 393ರ ಒಂದು ಸರಪಳಿ, ಅಷ್ಟೇ. ಮನುಷ್ಯರಿಗೆ ಬರೋ ಕ್ಯಾನ್ಸರ್‌ಗಳಲ್ಲಿ ಹೆಚ್ಚೂಕಮ್ಮಿ ಅರ್ಧದಲ್ಲಿ ಇದನ್ನ ತಯಾರಿಸೋ ಜೀನ್ ಕೆಟ್ಟಿರುತ್ತೆ, ಬೇರೆ ಯಾವ ಜೀನೂ ಇಷ್ಟೊಂದು ಬಗೆಯ ಕ್ಯಾನ್ಸರ್‌ಗಳಲ್ಲಿ ಇಷ್ಟು ಸಲ ಕೆಡೋದಿಲ್ಲ. ಇದರ ಬಗ್ಗೆ ಬಂದಿರೋ ಪೇಪರ್‌ಗಳನ್ನ ಒಬ್ಬ ಮನುಷ್ಯ ಜೀವಮಾನ ಪೂರ್ತಿ ಕೂತ್ರೂ ಓದಿ ಮುಗಿಸೋಕಾಗಲ್ಲ. ಇಷ್ಟಾಗಿಯೂ, ಇದು ಕ್ಯಾನ್ಸರನ್ನ ತಡೆಯೋದು ಹೇಗೆ ಅಂತ ಕೇಳಿದ್ರೆ, ಗೊತ್ತಿರೋರು ಗಂಟಲು ಸರಿಮಾಡ್ಕೊಂಡು "ಅದು ಹೇಗಂದ್ರೆ..." ಅಂತ ಎಳೀತಾರೆ. ಯಾಕೆ ಎಳೀತಾರೆ ಅನ್ನೋದಕ್ಕೆ ಆಮೇಲೆ ಬರ್ತೀನಿ.

ಮೊದಲು ಇದು ಸಿಕ್ಕಿದ ಕಥೆ. 1979. ಎಸ್‌ವಿ40 ಅಂತ ಕೋತಿಗಳ ಒಂದು ವೈರಸ್ ಇದೆ, ಅದನ್ನ ಇಲಿ ಹ್ಯಾಮ್‌ಸ್ಟರ್‌ಗಳ ಸೆಲ್‌ಗೆ ಹಾಕಿದ್ರೆ ಸೆಲ್ ಕ್ಯಾನ್ಸರ್ ಥರ ಆಡೋಕೆ ಶುರು ಮಾಡುತ್ತೆ. ವೈರಸ್‌ನ ಟಿ ಆಂಟಿಜೆನ್ ಅನ್ನೋ ಪ್ರೋಟೀನೇ ಕಾರಣ ಅಂತ ಗೊತ್ತಿತ್ತು, ಹಾಗಾಗಿ ಎಲ್ಲರೂ ಅದನ್ನ ಗುರುತಿಸಿ ಹಿಡಿಯೋ ಆಂಟಿಬಾಡಿ ಹಾಕಿ ಎಳೆದು, ಪ್ರೋಟೀನ್‌ಗಳನ್ನ ತೂಕದ ಪ್ರಕಾರ ಬೇರೆ ಮಾಡೋ ಜೆಲ್ ಮೇಲೆ ಓಡಿಸಿ ನೋಡ್ತಿದ್ರು. ಟಿ ಆಂಟಿಜೆನ್ ಬ್ಯಾಂಡ್, ಅಂದ್ರೆ ಪಟ್ಟೆ, ಬರ್ತಿತ್ತು, ಜೊತೆಗೆ ಕೆಳಗಡೆ ಇನ್ನೊಂದು ಬ್ಯಾಂಡ್, 53 ಕಿಲೋಡಾಲ್ಟನ್ (ಅಣುವಿನ ತೂಕದ ಅಳತೆ) ಹತ್ರ. ಲ್ಯಾಬಲ್ಲಿ ಕೆಲಸ ಮಾಡಿದೋರಿಗೆ ಗೊತ್ತು, ಕರೆಯದೇ ಬಂದ ಬ್ಯಾಂಡಿಗೆ ನಾವು ಕೊಡೋ ಮರ್ಯಾದೆ ಏನು ಅಂತ. "ಕಂಟ್ಯಾಮಿನೇಶನ್ ಇರ್ಬೇಕು, ಇನ್ನೆರಡು ಸಲ ಜಾಸ್ತಿ ವಾಶ್ ಮಾಡು" ಅಂತ ಹೇಳಿ ಮುಂದೆ ಹೋಗ್ತೀವಿ. ಇಂಗ್ಲೆಂಡಿನಲ್ಲಿ ಡೇವಿಡ್ ಲೇನ್ ಮತ್ತೆ ಲಯೊನೆಲ್ ಕ್ರಾಫರ್ಡ್, ಅಮೆರಿಕಾದಲ್ಲಿ ಆರ್ನಾಲ್ಡ್ ಲೆವಿನ್ ಮತ್ತೆ ಡೇನಿಯಲ್ ಲಿನ್ಜರ್, ಇನ್ನೂ ಒಂದೆರಡು ಗುಂಪುಗಳು ಹಾಗೆ ಮಾಡಲಿಲ್ಲ. ಇದು ವೈರಸ್‌ದಲ್ಲ, ಸೆಲ್‌ನದ್ದೇ ಪ್ರೋಟೀನು, ಟಿ ಆಂಟಿಜೆನ್ ಇದನ್ನ ಬಿಗಿಯಾಗಿ ಹಿಡ್ಕೊಂಡಿರೋದ್ರಿಂದ ಜೊತೇಲೇ ಬರ್ತಿದೆ ಅಂತ ತೋರಿಸಿದ್ರು. ಅಂದಹಾಗೆ ಆ 53 ಅನ್ನೋ ಅಂಕೆ ಕೂಡ ಸರಿ ಇಲ್ಲ, ನಿಜವಾದ ತೂಕ 43.7 ಕಿಲೋಡಾಲ್ಟನ್. ಸರಪಳಿಯ ಒಂದು ಭಾಗದಲ್ಲಿ ಪ್ರೋಲೀನ್ ಜಾಸ್ತಿ ಇರೋದ್ರಿಂದ ಜೆಲ್‌ನಲ್ಲಿ ನಿಧಾನಕ್ಕೆ ಇಳಿಯುತ್ತೆ, ಭಾರ ಇರೋ ಥರ ಕಾಣುತ್ತೆ. ಹೆಸರು ಅಂಟಿಕೊಂಡಿದ್ದು ಹಾಗೇ ಉಳೀತು.

ಆಮೇಲಿನ ಹತ್ತು ವರ್ಷ ಇದೆಯಲ್ಲ, 1979ರಿಂದ 1989, ನನಗೆ ವಿಜ್ಞಾನದ ಇತಿಹಾಸದಲ್ಲೇ ಬಹಳ ಇಷ್ಟವಾದ ದಶಕ. ಅಷ್ಟೂ ವರ್ಷ ಜಗತ್ತು ಪಿ53 ಅನ್ನ ಕ್ಯಾನ್ಸರ್ ತರೋ ಪ್ರೋಟೀನ್ ಅಂತ ನಂಬಿತ್ತು. ದಡ್ಡತನದಿಂದ ಅಲ್ಲ, ಸಾಕ್ಷಿ ಇತ್ತು. ಕ್ಯಾನ್ಸರ್ ಸೆಲ್‌ಗಳಲ್ಲಿ ಪಿ53 ರಾಶಿ ರಾಶಿ ಕಾಣ್ತಿತ್ತು, ಮಾಮೂಲಿ ಸೆಲ್‌ನಲ್ಲಿ ಹುಡುಕಿದ್ರೂ ಸಿಗ್ತಿರಲಿಲ್ಲ. 1984ರಲ್ಲಿ ಬೇರೆ ಬೇರೆ ಗುಂಪುಗಳು ರ್‍ಯಾಸ್ ಅನ್ನೋ ಕ್ಯಾನ್ಸರ್ ಜೀನ್ ಜೊತೆ ಇದನ್ನೂ ಸೇರಿಸಿ ಸೆಲ್‌ಗೆ ಹಾಕಿದ್ರೆ ಸೆಲ್ ಕೆಡುತ್ತೆ ಅಂತ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದ್ರು. ಅದರ ಮುಂದಿನ ವರ್ಷವೇ ಎಚ್‌ಎಲ್60 ಅನ್ನೋ ಲ್ಯುಕೀಮಿಯಾ (ರಕ್ತದ ಕ್ಯಾನ್ಸರ್) ಸೆಲ್ ಲೈನಲ್ಲಿ, ಅಂದ್ರೆ ಲ್ಯಾಬಲ್ಲಿ ಬೆಳೆಸ್ತಾನೇ ಇರೋ ಸೆಲ್‌ಗಳ ವಂಶದಲ್ಲಿ, ಈ ಜೀನ್‌ನ ದೊಡ್ಡ ಭಾಗವೇ ಹಾರಿಹೋಗಿದೆ, ಪ್ರೋಟೀನೇ ಇಲ್ಲ ಅಂತಾನೂ ಬಂತು. ಕ್ಯಾನ್ಸರ್ ತರೋದೇ ಇದು ಅಂದ್ರೆ ಇದು ಇಲ್ಲದೇ ಇರೋ ಕ್ಯಾನ್ಸರ್ ಸೆಲ್ ಹೇಗೆ ಬಂತು? ಪ್ರಶ್ನೆ ಮೇಜಿನ ಮೇಲೇ ಬಿದ್ದಿತ್ತು, ಆದ್ರೆ ಒಂದು ನಂಬಿಕೆ ಕೂತ್ಬಿಟ್ಟ ಮೇಲೆ ಅದಕ್ಕೆ ಹೊಂದದ ರಿಸಲ್ಟನ್ನ "ಅದೊಂದು ವಿಶೇಷ ಕೇಸು" ಅಂತ ಪಕ್ಕಕ್ಕೆ ಇಡೋದು ಬಹಳ ಸುಲಭ, ಈಗಲೂ ನಾವು ಮಾಡೋದು ಅದನ್ನೇ.

ಬಗೆಹರಿದಿದ್ದು 1989ರಲ್ಲಿ. ಲ್ಯಾಬ್‌ಗಳಲ್ಲಿ ಓಡಾಡ್ತಿದ್ದ ಪಿ53 ಕ್ಲೋನ್‌ಗಳನ್ನ (ಆ ಜೀನ್‌ನ ನಕಲುಗಳನ್ನ) ಅಕ್ಷರ ಅಕ್ಷರ ಹೋಲಿಸಿದಾಗ, ಸೆಲ್ಲನ್ನ ಕೆಡಿಸ್ತಿದ್ದ ಕ್ಲೋನ್‌ಗಳೆಲ್ಲಾ ಮ್ಯೂಟೆಂಟ್, ಒಂದೊಂದು ಅಮೈನೋ ಆಸಿಡ್ ಬದಲಾಗಿತ್ತು. ಅಸಲಿ ಪಿ53 ಹಾಕಿದ್ರೆ ಸೆಲ್ ಕೆಡೋದು ಬಿಡಿ, ಕೆಡೋದನ್ನ ತಡೀತಿತ್ತು. ಅದೇ ವರ್ಷ ಬರ್ಟ್ ವೋಗಲ್‌ಸ್ಟೈನ್ ಗುಂಪು ದೊಡ್ಡಕರುಳಿನ ಟ್ಯೂಮರ್‌ಗಳಲ್ಲಿ 17ನೇ ಕ್ರೋಮೋಸೋಮಿನ ಒಂದು ಕಾಪಿಯಲ್ಲಿ ಪಿ53 ಜೀನ್ ಇರೋ ಭಾಗ ಹಾರಿಹೋಗಿರುತ್ತೆ, ಉಳಿದಿರೋ ಕಾಪಿಯಲ್ಲಿ ಪಿ53 ಮ್ಯೂಟೇಟ್ ಆಗಿರುತ್ತೆ ಅಂತ ತೋರಿಸ್ತು. ಹತ್ತು ವರ್ಷ ಕಳ್ಳ ಅಂತ ಕರೆಸಿಕೊಂಡೋನು ಒಂದೇ ವರ್ಷದಲ್ಲಿ ಪೊಲೀಸ್ ಆಗಿಬಿಟ್ಟ. 1992ರಲ್ಲಿ ಲೇನ್ ಇದನ್ನ ಜೀನೋಮಿನ ಕಾವಲುಗಾರ ಅಂತ ಕರೆದ್ರು, 1993ರಲ್ಲಿ ಸೈನ್ಸ್ ಪತ್ರಿಕೆ ವರ್ಷದ ಅಣು ಅಂತ ಆರಿಸ್ತು.

ನಾನು ಪಿಎಚ್‌ಡಿಗೆ ಸೇರಿದ್ದು ಈ ಗದ್ದಲ ಜೋರಾಗಿದ್ದ ಟೈಮಲ್ಲಿ. ನಮ್ಮ ಗೈಡ್ ಮೊದಲ ದಿನವೇ ಹೇಳಿದ್ರು, "ನೋಡಮ್ಮ, ಇದರ ಹಿಂದೆ ಜಗತ್ತೆಲ್ಲಾ ಓಡ್ತಿದೆ, ಓಟದಲ್ಲಿ ಗೆಲ್ಲೋ ಆಸೆ ಇದ್ರೆ ಬೇರೆ ಕಡೆ ನೋಡ್ಕೋ, ಪ್ರೋಟೀನ್ ಹತ್ರ ಕೂತು ಅದು ಏನು ಅಂತ ನೋಡೋ ತಾಳ್ಮೆ ಇದ್ರೆ ಇರು." ನಾನು ಇದ್ದೆ. ತಾಳ್ಮೆ ಇತ್ತು ಅಂತಲ್ಲ, 1994ರಲ್ಲಿ ನಿಕೋಲಾ ಪಾವ್ಲೆಟಿಚ್ ಗುಂಪಿನಿಂದ ಪಿ53 ಡಿಎನ್‌ಎ ಮೇಲೆ ಕೂತಿರೋ ಕ್ರಿಸ್ಟಲ್ ಸ್ಟ್ರಕ್ಚರ್, ಅಂದ್ರೆ ಯಾವ ಪರಮಾಣು ಎಲ್ಲಿದೆ ಅಂತ ತೋರಿಸೋ ಚಿತ್ರ, ಬಂದಿತ್ತು, ಆ ಚಿತ್ರ ನೋಡಿದ ಮೇಲೆ ಎದ್ದು ಬರೋಕೆ ಮನಸ್ಸಾಗಲಿಲ್ಲ. ಕ್ಯಾನ್ಸರ್ ರೋಗಿಗಳಲ್ಲಿ ಪದೇ ಪದೇ ಸಿಗ್ತಿದ್ದ ಮ್ಯೂಟೇಶನ್‌ಗಳು, ಸರಪಳಿಯ 175, 245, 248, 249, 273, 282ನೇ ಜಾಗದವು, ಅಲ್ಲೀವರೆಗೆ ಬರೀ ನಂಬರ್‌ಗಳಾಗಿದ್ವು. ಸ್ಟ್ರಕ್ಚರ್‌ನಲ್ಲಿ ಹುಡುಕಿ ನೋಡಿದ್ರೆ ಎಲ್ಲಾ ಡಿಎನ್‌ಎಗೆ ಅಂಟೋ ಒಂದೇ ಬದಿಯಲ್ಲಿ ಗುಂಪು ಕಟ್ಟಿಕೊಂಡಿವೆ. 248 ಮತ್ತೆ 273 ಡಿಎನ್‌ಎಯನ್ನ ನೇರವಾಗಿ ಮುಟ್ಟೋ ಆರ್ಜಿನೀನ್ ಅನ್ನೋ ಅಮೈನೋ ಆಸಿಡ್‌ಗಳು. 175 ಮುಟ್ಟೋದಿಲ್ಲ, ಆದ್ರೆ ಪಕ್ಕದಲ್ಲಿರೋ ಜಿಂಕ್ ಅಯಾನು ಮತ್ತೆ ಸುತ್ತಲಿನ ಲೂಪ್‌ಗಳು ನಿಲ್ಲೋಕೆ ಅದು ಬೇಕು. ಅಂದ್ರೆ ಕೆಲವು ಮ್ಯೂಟೇಶನ್ ಕೈ ಬೆರಳು ಕತ್ತರಿಸಿದ ಹಾಗೆ, ಕೆಲವು ಇಡೀ ಕೈಯನ್ನೇ ಸೊಟ್ಟ ಮಾಡಿದ ಹಾಗೆ. ಆಸ್ಪತ್ರೆಯಿಂದ ಬಂದ ಪಟ್ಟಿಗೂ ಅಣುವಿನ ಆಕಾರಕ್ಕೂ ಇಷ್ಟು ನೇರ ಸಂಬಂಧ ಇರಬಹುದು ಅಂತ ನಾನು ಅಂದ್ಕೊಂಡೇ ಇರಲಿಲ್ಲ.

ಚಿತ್ರ ಚಂದ, ಕೆಲಸ ಮಾತ್ರ ಚಂದ ಇರಲಿಲ್ಲ. ಪಿ53ರ ಡಿಎನ್‌ಎ ಹಿಡಿಯೋ ಭಾಗ ಸ್ವಭಾವದಲ್ಲೇ ಅಭದ್ರ, ನಮ್ಮ ಮೈಯ ಬಿಸಿಗಿಂತ ಕೆಲವೇ ಡಿಗ್ರಿ ಮೇಲೆ ಹೋದ್ರೆ ಮಡಿಕೆ ಬಿಚ್ಚಿಕೊಂಡುಬಿಡುತ್ತೆ. ಬ್ಯಾಕ್ಟೀರಿಯಾದಲ್ಲಿ ಬೆಳೆಸಿ, ಕೋಲ್ಡ್ ರೂಮಲ್ಲಿ ಸ್ವೆಟರ್ ಹಾಕ್ಕೊಂಡು ಪ್ರೋಟೀನ್ ಶುದ್ಧ ಮಾಡೋ ಕಾಲಮ್ ಮೇಲೆ ಕಾಲಮ್ ಓಡಿಸಿ, ಸಂಜೆ ಹೊತ್ತಿಗೆ ಟ್ಯೂಬ್‌ನಲ್ಲಿ ಒಳ್ಳೇ ಪ್ರೋಟೀನ್ ಸಿಕ್ತು ಅಂತ ಖುಷಿಪಟ್ಟು ಬೆಳಿಗ್ಗೆ ಬಂದು ನೋಡಿದ್ರೆ ಬಿಳಿ ಚೂರುಗಳು ಕೆಳಗೆ ಕೂತಿರ್ತವೆ. ಏನೂ ಮಾಡೋಕಾಗಲ್ಲ, ಎಸೆದು ಮತ್ತೆ ಶುರು. ಈ ಕ್ಷೇತ್ರದ ಹೊರಗಿರೋರಿಗೆ ಸಂಶೋಧನೆ ಅಂದ್ರೆ ಮೈಕ್ರೋಸ್ಕೋಪಲ್ಲಿ ಇಣುಕಿ "ಆಹಾ" ಅನ್ನೋದು ಅಂತ ಒಂದು ಕಲ್ಪನೆ ಇರುತ್ತೆ. ನನ್ನ ಅನುಭವದಲ್ಲಿ ಅದು ಬಹುಪಾಲು ಬಫರ್ ಮಾಡೋದು, ಟಿಪ್ ಬಾಕ್ಸ್ ತುಂಬೋದು, ಸೆಂಟ್ರಿಫ್ಯೂಜ್ ಬುಕ್ ಮಾಡಿದ್ದೋರು ಬಿಟ್ಟುಕೊಡಲಿ ಅಂತ ಕಾಯೋದು, ಮತ್ತೆ ಆ ಮಧ್ಯೆ ಸಿಗೋ ಬಿಡುವಲ್ಲಿ ಯೋಚಿಸೋದು.

ಸೆಲ್‌ಗಳ ಕಥೆ ಇನ್ನೊಂದು. ಕ್ಯಾನ್ಸರ್ ರಿಸರ್ಚ್‌ನಲ್ಲಿ ನೀವು ಯಾವ ಸೆಲ್ ಬೆಳೆಸ್ತಿದೀರಿ ಅನ್ನೋದು ನಿಮಗೇ ಗೊತ್ತಿಲ್ಲದೇ ಇರೋದು ಬಹಳ ಮಾಮೂಲಿ. ಎಂಡಿಎ-ಎಂಬಿ-435 ಅಂತ ಒಂದು ಸೆಲ್ ಲೈನ್, ಸ್ತನ ಕ್ಯಾನ್ಸರ್‌ದ್ದು ಅಂತ ವರ್ಷಾನುಗಟ್ಟಲೆ ಎಷ್ಟೋ ಲ್ಯಾಬ್‌ಗಳು ಅದರ ಮೇಲೆ ಕೆಲಸ ಮಾಡಿ ಪೇಪರ್ ಬರೆದ್ವು, ಕೊನೆಗೆ ಡಿಎನ್‌ಎ ಪರೀಕ್ಷೆ ಮಾಡಿದ್ರೆ ಅದು ಚರ್ಮದ ಮೆಲನೋಮಾ ಸೆಲ್. ಹೀಲಾ ಸೆಲ್‌ಗಳಂತೂ ಬೇರೆಯವರ ಫ್ಲಾಸ್ಕ್‌ಗೆ ನುಗ್ಗೋದರಲ್ಲಿ ಹೆಸರುವಾಸಿ. ನಮ್ಮ ಲ್ಯಾಬಿಗೆ ಹೊಸದಾಗಿ ಬಂದಿದ್ದ ಒಬ್ಬ ಹುಡುಗ ಒಂದು ದಿನ ಸಪ್ಪೆ ಮುಖ ಹೊತ್ತು ಬಂದ, "ಮೇಡಂ, ಆಂಟಿಬಾಡಿ ಸತ್ತಿದೆ ಅನ್ಸುತ್ತೆ, ಬ್ಲಾಟ್ ಪೂರ್ತಿ ಖಾಲಿ." ಬ್ಲಾಟ್ ಅಂದ್ರೆ ಸೆಲ್‌ನಲ್ಲಿ ಪಿ53 ಎಷ್ಟಿದೆ ಅಂತ ಆಂಟಿಬಾಡಿ ಹಾಕಿ ನೋಡೋ ಪರೀಕ್ಷೆ. ಯಾವ ಸೆಲ್ಲೋ ಅಂದೆ. ಹೀಲಾ ಅಂದ. ಕೂತ್ಕೋ ಅಂದೆ. ಹೀಲಾ ಸೆಲ್‌ನಲ್ಲಿ ಪಿ53 ಜೀನ್ ಸರಿಯಾಗೇ ಇದೆ, ಪ್ರೋಟೀನೂ ತಯಾರಾಗುತ್ತೆ. ಆದ್ರೆ ಆ ಸೆಲ್‌ಗಳು ಹುಟ್ಟಿದ್ದೇ ಎಚ್‌ಪಿವಿ 18 ವೈರಸ್ ಹೊಕ್ಕಿದ್ದ ಗರ್ಭಕಂಠದ ಕ್ಯಾನ್ಸರಿಂದ, ಆ ವೈರಸ್‌ನ ಇ6 ಅನ್ನೋ ಪ್ರೋಟೀನು ಪಿ53 ಬರ್ತಿದ್ದ ಹಾಗೇ ಹಿಡಿದು ಸೆಲ್‌ನ ಕಸ ವಿಲೇವಾರಿ ವ್ಯವಸ್ಥೆಗೆ ದೂಡುತ್ತೆ. ಹೀಗೆ ಇ6 ಪಿ53 ಅನ್ನ ಒಡೆಸುತ್ತೆ ಅಂತ ಗೊತ್ತಾಗಿದ್ದು 1990ರಲ್ಲಿ. ಅವನ ಬ್ಲಾಟಲ್ಲಿ ಕಾಣೋದೇ ಕಷ್ಟ, ಅಷ್ಟು ಕಡಿಮೆ ಇರುತ್ತೆ. ಒಂದು ವೈರಸ್ ಜೀನನ್ನ ಕೆಡಿಸಿ ಗೆಲ್ಲಲ್ಲ, ಪ್ರೋಟೀನನ್ನ ಮುಗಿಸಿ ಗೆಲ್ಲುತ್ತೆ ಅನ್ನೋದನ್ನ ಅವನು ಆ ದಿನ ಖಾಲಿ ಬ್ಲಾಟ್ ನೋಡಿ ಕಲಿತ. ಆಮೇಲೆ ಆ ಸೆಲ್ ಯಾರದ್ದು, ಹೆನ್ರಿಯೆಟಾ ಲ್ಯಾಕ್ಸ್ ಅನ್ನೋ ಹೆಂಗಸು 1951ರಲ್ಲಿ ತೀರಿಕೊಂಡ್ರು, ಅವರನ್ನ ಕೇಳದೇ ತೆಗೆದ ಸೆಲ್ಲು ಇವತ್ತಿಗೂ ನಮ್ಮ ಇನ್‌ಕ್ಯುಬೇಟರಲ್ಲಿ ಬೆಳೀತಿದೆ ಅಂತಾನೂ ಹೇಳಿದೆ. ಇದನ್ನ ನಾನು ಪ್ರತಿ ಹೊಸ ವಿದ್ಯಾರ್ಥಿಗೂ ಹೇಳ್ತೀನಿ, ಸೆಲ್ ಫ್ಲಾಸ್ಕ್ ಮೇಲೆ ಬರೆದಿರೋ ಹೆಸರಿನ ಹಿಂದೆ ಒಬ್ಬ ಮನುಷ್ಯ ಇದ್ದಿದ್ದು ಗೊತ್ತಿರಬೇಕು.

ಈಗ ಪಾಠದ ವಿಷಯ. ಯೂನಿವರ್ಸಿಟಿಗೆ ಸೇರಿದಾಗ ಕ್ಲಾಸು ಅನ್ನೋದು ನನಗೆ ಲ್ಯಾಬ್ ಟೈಮ್ ತಿನ್ನೋ ಒಂದು ಶಿಕ್ಷೆ ಥರ ಕಾಣ್ತಿತ್ತು, ನನ್ನ ಜೊತೆ ಸೇರಿದೋರಿಗೂ ಹಾಗೇ ಅನ್ಸಿತ್ತು. ಬಡ್ತಿ ಸಿಗೋದು ಪೇಪರ್ ಲೆಕ್ಕದ ಮೇಲೆ, ಗ್ರಾಂಟ್ ಸಿಗೋದೂ ಪೇಪರ್ ಲೆಕ್ಕದ ಮೇಲೆ, ಪಾಠ ಚೆನ್ನಾಗಿ ಮಾಡಿದ್ರೆ ಸಿಗೋದು ಇನ್ನೊಂದು ಕೋರ್ಸ್. ಇದು ಇವತ್ತಿಗೂ ಬದಲಾಗಿಲ್ಲ, ಅದರ ಬಗ್ಗೆ ನನಗೆ ಸಿಟ್ಟೂ ಇದೆ, ಅದನ್ನ ಇನ್ನೊಂದು ದಿನ ಬರೀತೀನಿ. ಆದ್ರೆ ಲ್ಯಾಬಲ್ಲಿ ಸಿಗದೇ ಇರೋದು ಕ್ಲಾಸಲ್ಲಿ ಸಿಕ್ತು, ಅದನ್ನಂತೂ ಹೇಳಲೇಬೇಕು.

ಲ್ಯಾಬ್ ಮೀಟಿಂಗಲ್ಲಿ ಕೂತೋರೆಲ್ಲಾ ಒಂದೇ ಪೇಪರ್ ಓದಿರೋರು, ಒಂದೇ ಭಾಷೆ ಆಡೋರು, ಯಾರೂ ಬುಡಕ್ಕೆ ಕೈ ಹಾಕಲ್ಲ. ಎರಡನೇ ವರ್ಷದ ಡಿಗ್ರಿ ಹುಡುಗ್ರು ಹಾಕ್ತಾರೆ. ಒಂದು ಸಲ ಪಿ53 ಆಯಸ್ಸು ಇಪ್ಪತ್ತು ನಿಮಿಷದ ಆಸುಪಾಸು, ಎಂಡಿಎಂ2 ಅನ್ನೋ ಇನ್ನೊಂದು ಪ್ರೋಟೀನ್ ಅದನ್ನ ಹಿಡಿದು ಯುಬಿಕ್ವಿಟಿನ್ ಗುರುತು ಹಚ್ಚಿ ಒಡೆಯೋಕೆ ಕಳಿಸುತ್ತೆ ಅಂತ ಹೇಳಿ ಬೋರ್ಡ್ ಒರೆಸ್ತಿದ್ದೆ, ಹಿಂದಿನ ಬೆಂಚಿಂದ ಒಂದು ಹುಡುಗಿ, "ಮೇಡಂ, ತಯಾರು ಮಾಡಿ ಮಾಡಿ ಒಡೆಯೋದು ವೇಸ್ಟ್ ಅಲ್ವಾ, ಬೇಕಾದಾಗ ಮಾಡ್ಕೊಂಡ್ರೆ ಆಗಲ್ವಾ?" ಇಷ್ಟು ವರ್ಷ ಇದರ ಮೇಲೆ ಕೂತಿದ್ದ ನನಗೆ ಈ ಪ್ರಶ್ನೆ ಯಾರೂ ಹೀಗೆ ನೇರ ಕೇಳಿರಲಿಲ್ಲ. ಉತ್ತರ ಇದೆ, ವೇಗ. ಡಿಎನ್‌ಎ ಮುರೀತು ಅಂದ ತಕ್ಷಣ ಜೀನ್ ಆನ್ ಮಾಡಿ, ಆರ್‌ಎನ್‌ಎ ಬರೆದು, ಪ್ರೋಟೀನ್ ಹೊಸೆದು ಅನ್ನೋಷ್ಟರಲ್ಲಿ ತಡ ಆಗುತ್ತೆ. ತಯಾರಾಗ್ತಾನೇ ಇರೋದನ್ನ ಒಡೆಯೋದು ನಿಲ್ಲಿಸಿದ್ರೆ ಸಾಕು, ತಾನಾಗೇ ತುಂಬಿಕೊಳ್ಳುತ್ತೆ. ಡಿಎನ್‌ಎ ಮುರಿದಾಗ ಎಚ್ಚರಗೊಳ್ಳೋ ಎಟಿಎಂನಂಥ ಎಂಜೈಮುಗಳು ಪಿ53 ಮತ್ತೆ ಎಂಡಿಎಂ2 ಎರಡಕ್ಕೂ ಫಾಸ್ಫೇಟ್ ಹಚ್ಚಿ ಆ ಹಿಡಿತ ಸಡಿಲ ಮಾಡ್ತವೆ. ಹಾಗೆ ಏರಿದ ಪಿ53 ತಾನೇ ಎಂಡಿಎಂ2 ಜೀನನ್ನ ಆನ್ ಮಾಡುತ್ತೆ, ಅಂದ್ರೆ ತನ್ನನ್ನ ಮುಗಿಸೋರನ್ನ ತಾನೇ ಕರೆಸುತ್ತೆ, ಕೆಲಸ ಮುಗಿದ ಮೇಲೆ ಮತ್ತೆ ಇಳಿಯುತ್ತೆ. ಕ್ಯಾನ್ಸರ್ ಸೆಲ್‌ಗಳಲ್ಲಿ ಮ್ಯೂಟೆಂಟ್ ಪಿ53 ರಾಶಿ ಬಿದ್ದಿರೋದಕ್ಕೂ ಇದರಲ್ಲೇ ಒಂದು ಸುಳಿವಿದೆ, ಕೆಟ್ಟ ಪಿ53ಗೆ ಎಂಡಿಎಂ2 ಆನ್ ಮಾಡೋಕಾಗಲ್ಲ. ಕಥೆ ಇಷ್ಟು ಸರಳ ಅಲ್ಲ, ಬೇರೆ ಕಾರಣಗಳೂ ಇವೆ, ಆದ್ರೆ 1984ರಲ್ಲಿ ಎಲ್ಲರ ದಾರಿ ತಪ್ಪಿಸಿದ ಆ ರಾಶಿಗೆ ಒಂದು ವಿವರಣೆ ಆ ಹುಡುಗಿಯ ಪ್ರಶ್ನೆಯ ಬಾಲ ಹಿಡಿದು ಹೋದ್ರೆ ಸಿಗುತ್ತೆ.

ಇನ್ನೊಂದು ಪ್ರತಿ ವರ್ಷ ಬರೋ ಪ್ರಶ್ನೆ. "ಇಷ್ಟು ಒಳ್ಳೇದಾದ್ರೆ ಜಾಸ್ತಿ ಇಟ್ಕೋಬಹುದಲ್ವಾ ಮೇಡಂ?" ಇದಕ್ಕೆ ಉತ್ತರ ಹೇಳೋಕೆ ನನಗೆ ಬಹಳ ಖುಷಿ, ಯಾಕಂದ್ರೆ ಉತ್ತರ ಒಂದು ಕಡೆ ನಿಲ್ಲಲ್ಲ. ಇಲಿಗಳಲ್ಲಿ ಎಂಡಿಎಂ2 ತೆಗೆದ್ರೆ ಭ್ರೂಣದಲ್ಲೇ ಸಾಯ್ತವೆ, ಜೊತೆಗೆ ಪಿ53 ಕೂಡ ತೆಗೆದ್ರೆ ಬದುಕ್ತವೆ, 1995ರಲ್ಲಿ ಎರಡು ಗುಂಪು ತೋರಿಸಿದ್ವು. ಅಂದ್ರೆ ಲಗಾಮಿಲ್ಲದ ಪಿ53 ಕೊಲ್ಲುತ್ತೆ. 2002ರಲ್ಲಿ ಪಿ53 ಸದಾ ಸ್ವಲ್ಪ ಜೋರಾಗಿರೋ ಇಲಿಗಳು ಬಂದ್ವು, ಟ್ಯೂಮರ್ ಕಮ್ಮಿ, ಆದ್ರೆ ಬೇಗ ಮುದಿಯಾದ್ವು. ಅದೇ ವರ್ಷ ಇನ್ನೊಂದು ಗುಂಪು ಪಿ53 ಜೀನನ್ನ ಅದರ ಕಂಟ್ರೋಲ್ ಸಮೇತ ಹೆಚ್ಚುವರಿ ಕಾಪಿಯಾಗಿ ಹಾಕ್ತು, ಆ ಇಲಿಗಳಿಗೆ ಟ್ಯೂಮರೂ ಕಮ್ಮಿ, ಮುಪ್ಪೂ ಬೇಗ ಬರಲಿಲ್ಲ. ಆನೆಯ ಜೀನೋಮ್‌ನಲ್ಲಿ ಈ ಜೀನ್‌ನ 20 ಕಾಪಿ ಇವೆ ಅಂತ 2015ರಲ್ಲಿ ಬಂತು, ಅಷ್ಟು ದೊಡ್ಡ ಮೈ, ಅಷ್ಟೊಂದು ಸೆಲ್, ಆದ್ರೂ ಕ್ಯಾನ್ಸರ್ ಕಮ್ಮಿ. ಎಷ್ಟಿದೆ ಅನ್ನೋದಕ್ಕಿಂತ ಎಷ್ಟು ಹೊತ್ತಿಗೆ ಏಳುತ್ತೆ, ಎಷ್ಟು ಹೊತ್ತಿಗೆ ಮಲಗುತ್ತೆ ಅನ್ನೋದೇ ಮುಖ್ಯ ಅಂತ ಹುಡುಗ್ರೇ ತೀರ್ಮಾನಕ್ಕೆ ಬರ್ತಾರೆ, ನಾನು ಹೇಳಬೇಕಾಗಿಲ್ಲ.

ಕ್ಲಾಸಲ್ಲಿ ಒಂದು ಲೆಕ್ಕಾನೂ ಮಾಡಿಸ್ತೀನಿ. ಪಿ53 ಒಂಟಿಯಾಗಿ ಕೆಲಸ ಮಾಡಲ್ಲ, ನಾಲ್ಕು ಸೇರಿ ಒಂದು ಗುಂಪಾಗುತ್ತೆ. ಎರಡು ಜೀನ್ ಕಾಪಿಯಲ್ಲಿ ಒಂದು ಕೆಟ್ಟು ಅರ್ಧ ಪ್ರೋಟೀನ್ ಒಳ್ಳೇದು ಅರ್ಧ ಕೆಟ್ಟದ್ದು ಅಂದ್ರೆ, ನಾಲ್ಕೂ ಒಳ್ಳೇದಿರೋ ಗುಂಪು ಎಷ್ಟು? ಅರ್ಧದ ಅರ್ಧದ ಅರ್ಧದ ಅರ್ಧ, ಹದಿನಾರಕ್ಕೆ ಒಂದು. ಅರ್ಧ ಉಳಿದಿದೆ ಅಂತ ಅಂದ್ಕೊಂಡಿದ್ದ ಸೆಲ್‌ನಲ್ಲಿ ನಿಜಕ್ಕೂ ಪೂರ್ತಿ ಸರಿ ಇರೋದು ಅಷ್ಟೇ. ಇದನ್ನ ಮಾಡಿದಾಗ ಕ್ಲಾಸ್ ಒಂದು ಕ್ಷಣ ತಣ್ಣಗಾಗುತ್ತೆ, ಬಯಾಲಜಿ ತಗೊಂಡಿದ್ದೇ ಲೆಕ್ಕ ತಪ್ಪಿಸ್ಕೊಳ್ಳೋಕೆ ಅನ್ನೋರಿಗೂ ಇದು ಮರೆಯಲ್ಲ.

ಒಂದು ವರ್ಷ ಕ್ಲಾಸ್ ಮುಗಿದ ಮೇಲೆ ಒಬ್ಬ ವಿದ್ಯಾರ್ಥಿ ಎಲ್ಲರೂ ಹೋಗೋವರೆಗೂ ನಿಂತಿದ್ದು ಒಂದು ಹಾಳೆ ತೋರಿಸಿದ. ಅವನ ತಾಯಿಯ ಟ್ಯೂಮರ್ ರಿಪೋರ್ಟ್. ಅದರಲ್ಲಿ ಪಿ53 ಮ್ಯೂಟೇಶನ್, 273ನೇ ಆರ್ಜಿನೀನ್ ಹೋಗಿ ಹಿಸ್ಟಿಡೀನ್. ಆ ಆರ್ಜಿನೀನ್ ಡಿಎನ್‌ಎಯ ಬೆನ್ನೆಲುಬಿನ ಫಾಸ್ಫೇಟಿಗೆ ಹೇಗೆ ಅಂಟುತ್ತೆ, ಹಿಸ್ಟಿಡೀನ್ ಬಂದ್ರೆ ಯಾಕೆ ಅಂಟಲ್ಲ, ಪ್ರೋಟೀನ್ ಆಕಾರ ಯಾಕೆ ಹೆಚ್ಚು ಕೆಡಲ್ಲ ಅನ್ನೋದೆಲ್ಲಾ ನನಗೆ ಬಾಯಿಪಾಠ, ಅದೇ ಬೆಳಿಗ್ಗೆ ಸ್ಲೈಡಲ್ಲಿ ತೋರಿಸಿದ್ದೆ. ಅವನು ಕೇಳಿದ್ದು ಬೇರೆ, "ಮೇಡಂ, ಇದಕ್ಕೆ ಏನಾದ್ರೂ ಇದೆಯಾ?" ನಾನು ಡಾಕ್ಟರಲ್ಲ ಅಂತ ಮೊದಲು ಹೇಳಿದೆ. ಆಮೇಲೆ ನನಗೆ ಹೇಳೋ ಹಕ್ಕಿದ್ದ ಒಂದೇ ವಿಷಯ ಹೇಳಿದೆ, ಈ ಮ್ಯೂಟೇಶನ್ ಟ್ಯೂಮರಲ್ಲಿ ಮಾತ್ರ ಇದೆಯಾ ಅಥವಾ ಹುಟ್ಟಿನಿಂದ ಎಲ್ಲಾ ಸೆಲ್‌ನಲ್ಲೂ ಇದೆಯಾ ಅಂತ ಡಾಕ್ಟರನ್ನ ಕೇಳು, ಬಹುಪಾಲು ಟ್ಯೂಮರಲ್ಲಿ ಮಾತ್ರ ಇರುತ್ತೆ, ಹುಟ್ಟಿನಿಂದ ಇದ್ರೆ ಅದು ಲಿ-ಫ್ರಾಮೆನಿ ಸಿಂಡ್ರೋಮ್ ಅನ್ನೋ ಅಪರೂಪದ ಸ್ಥಿತಿ, ಆಗ ನಿಮ್ಮ ಮನೆಯಲ್ಲಿ ಬೇರೆಯವರೂ ಪರೀಕ್ಷೆ ಮಾಡಿಸ್ಕೋಬೇಕಾಗಬಹುದು, ಜೆನೆಟಿಕ್ ಕೌನ್ಸೆಲರ್ ಹತ್ರ ಹೋಗಿ ಅಂತ. ಬರ್ಕೊಂಡ. ಥ್ಯಾಂಕ್ಸ್ ಹೇಳಿ ಹೋದ. ಆ ಪರಮಾಣುಗಳ ವಿಷಯ ಅವನಿಗೆ ಆ ಹೊತ್ತಲ್ಲಿ ಒಂದು ಕಾಸಿನ ಉಪಯೋಗಕ್ಕೂ ಬರಲಿಲ್ಲ, ಅದು ನನಗೂ ಗೊತ್ತು. ಅವತ್ತಿಂದ 273ರ ಸ್ಲೈಡ್ ಬಂದಾಗ ನಾನು ಸ್ವಲ್ಪ ನಿಧಾನಕ್ಕೆ ಮಾತಾಡ್ತೀನಿ, ಇಷ್ಟು ಜನ ಕೂತಿರೋ ಕಡೆ ಯಾರ ಮನೆಯಲ್ಲಿ ಏನಿದೆ ಅಂತ ಹೇಳೋಕಾಗಲ್ಲ.

ಔಷಧಿ ಯಾಕಿಲ್ಲ ಅನ್ನೋದಕ್ಕೆ ಬರೋಣ. ಪ್ರೋಟೀನ್ ಕೆಡೋದ್ರಲ್ಲಿ ಎರಡು ಥರ ಇದೆ. ಒಂದು, ಮಿತಿ ಮೀರಿ ಕೆಲಸ ಮಾಡೋದು. ಅದನ್ನ ನಿಲ್ಲಿಸೋಕೆ ಒಂದು ಚಿಕ್ಕ ಅಣು ಅದರ ಸಂದಿಯಲ್ಲಿ ಸಿಕ್ಕಿಸಿದ್ರೆ ಸಾಕು. ಲ್ಯುಕೀಮಿಯಾದ ಬಿಸಿಆರ್-ಏಬಿಎಲ್ ಅನ್ನೋ ಪ್ರೋಟೀನ್ ಹಾಗೆ, 1960ರಲ್ಲಿ ಅದರ ಮೂಲವಾದ ಫಿಲಡೆಲ್ಫಿಯಾ ಕ್ರೋಮೋಸೋಮ್ ಕಂಡಿತು, 1973ರಲ್ಲಿ ಜಾನೆಟ್ ರೌಲಿ ಅದು ಎರಡು ಕ್ರೋಮೋಸೋಮ್‌ಗಳ ತುಂಡು ಅದಲು ಬದಲಾಗಿರೋದು ಅಂತ ತೋರಿಸಿದ್ರು, 2001ರಲ್ಲಿ ಆ ಪ್ರೋಟೀನನ್ನ ನಿಲ್ಲಿಸೋ ಇಮ್ಯಾಟಿನಿಬ್ ಮಾತ್ರೆ ಒಪ್ಪಿಗೆ ಪಡೀತು. ಎಲ್ಲಾ ಸರಿಹೋದ ಕಥೆಗೇ ನಾಲ್ಕು ದಶಕ. ರ್‍ಯಾಸ್ ಇನ್ನೂ ಹಟಮಾರಿ, 1982ರಿಂದ ಮನುಷ್ಯರ ಕ್ಯಾನ್ಸರಲ್ಲಿ ಅದರ ಮ್ಯೂಟೇಶನ್ ಗೊತ್ತಿದ್ರೂ ಮೇಲ್ಮೈ ನುಣುಪು, ಔಷಧಿ ಸಿಕ್ಕಿಸೋಕೆ ಜಾಗವೇ ಇಲ್ಲ ಅಂತ ಕೈಚೆಲ್ಲಿದ್ರು. 2013ರಲ್ಲಿ ಕೆವನ್ ಶೋಕಟ್ ಗುಂಪು ರ್‍ಯಾಸ್‌ನದ್ದೇ ಒಂದು ಬಗೆಯಾದ ಕೆರಾಸ್‌ನ ಜಿ12ಸಿ ಮ್ಯೂಟೆಂಟಲ್ಲಿ ಒಂದು ಅಡಗಿದ ಸಂದಿ ಹುಡುಕಿತು, 2021ರಲ್ಲಿ ಅಲ್ಲಿ ಕೂರೋ ಸೊಟೊರಾಸಿಬ್ ಅನ್ನೋ ಔಷಧಿ ಬಂತು.

ಪಿ53 ಎರಡನೇ ಥರ, ಇಲ್ಲಿ ಕೆಲಸ ನಿಂತಿದೆ. ನಿಲ್ಲಿಸೋದು ಸುಲಭ, ನಿಂತಿದ್ದನ್ನ ನಡೆಸೋದು ಕಷ್ಟ, ಅದೂ ಹೊರಗಿಂದ ಒಂದು ಮಾತ್ರೆ ನುಂಗಿ. 2003ರಲ್ಲಿ ಚೀನಾ ಒಳ್ಳೇ ಪಿ53 ಜೀನನ್ನ ವೈರಸ್ಸಲ್ಲಿ ಹೊತ್ತೊಯ್ಯೋ ಒಂದು ಜೀನ್ ಥೆರಪಿಗೆ ಒಪ್ಪಿಗೆ ಕೊಡ್ತು, ಆದ್ರೆ ಬೇರೆ ಕಡೆ ಅದು ಹಬ್ಬಲಿಲ್ಲ. 2004ರಲ್ಲಿ ನಟ್ಲಿನ್ ಅಂತ ಎಂಡಿಎಂ2 ಹಿಡಿತ ಬಿಡಿಸೋ ಅಣುಗಳು ಬಂದ್ವು, ಪಿ53 ಸರಿ ಇರೋ ಟ್ಯೂಮರ್‌ಗಳಿಗೆ ಅಂತ, ನಮ್ಮ ಲ್ಯಾಬಲ್ಲಿ ಎಲ್ಲರೂ ಕುಣಿದಾಡಿದ್ವಿ. ಆಮೇಲೆ ಆ ದಾರಿಯ ಔಷಧಿಗಳನ್ನ ರೋಗಿಗಳಿಗೆ ಕೊಟ್ಟಾಗ ರಕ್ತದ ಪ್ಲೇಟ್‌ಲೆಟ್ ಇಳೀತು, ಯಾಕಂದ್ರೆ ಒಳ್ಳೇ ಸೆಲ್‌ನಲ್ಲೂ ಎಂಡಿಎಂ2 ಬೇಕಲ್ಲ. ನನಗೆ ಈಗ ಜಾಸ್ತಿ ಆಸೆ ಇರೋದು 220ನೇ ಜಾಗದ ಮೇಲೆ. ಅಲ್ಲಿ ದೊಡ್ಡ ಟೈರೋಸೀನ್ ಹೋಗಿ ಚಿಕ್ಕ ಸಿಸ್ಟೀನ್ ಬಂದ್ರೆ ಪ್ರೋಟೀನಲ್ಲಿ ಒಂದು ಪೊಟರೆ ಉಳಿಯುತ್ತೆ, ಅದರಿಂದಲೇ ಅದು ಸಡಿಲ ಆಗುತ್ತೆ. ಅಲನ್ ಫರ್ಷ್ಟ್ ಗುಂಪು ಆ ಪೊಟರೆಯನ್ನೇ ತುಂಬೋ ಚಿಕ್ಕ ಅಣು ಹಾಕಿ ಪ್ರೋಟೀನನ್ನ ಗಟ್ಟಿ ಮಾಡಬಹುದು ಅಂತ 2008ರಲ್ಲಿ ತೋರಿಸ್ತು, ಆ ಯೋಚನೆಯ ಮೇಲೆ ಬೆಳೆದ ಔಷಧಿಗಳು ರೋಗಿಗಳ ಮೇಲೆ ಟ್ರಯಲ್‌ವರೆಗೂ ಬಂದಿವೆ. ಆದ್ರೆ ಇದು ಆ ಒಂದು ಮ್ಯೂಟೇಶನ್‌ಗೆ ಮಾತ್ರ. 273ಕ್ಕೆ ಪೊಟರೆ ಇಲ್ಲ, ತುಂಬೋಕೆ ಏನೂ ಇಲ್ಲ.

ಇನ್ನು, ಪಿ53 ಕ್ಯಾನ್ಸರನ್ನ ತಡೆಯೋದು ಹೇಗೆ ಅಂದ್ರೆ ಗೊತ್ತಿರೋರು ಗಂಟಲು ಸರಿಮಾಡ್ಕೊಳ್ಳೋ ವಿಷಯ. ಪಠ್ಯಪುಸ್ತಕದಲ್ಲಿ ಅಚ್ಚುಕಟ್ಟಾಗಿದೆ, ಡಿಎನ್‌ಎ ಕೆಟ್ಟಾಗ ಪಿ53 ಏರುತ್ತೆ, ಪಿ21 ಅನ್ನೋ ಜೀನ್ ಆನ್ ಮಾಡಿ ಸೆಲ್ ಎರಡಾಗೋದನ್ನ ನಿಲ್ಲಿಸುತ್ತೆ, ರಿಪೇರಿ ಆಗದಿದ್ರೆ ಪ್ಯೂಮಾ, ನಾಕ್ಸಾ ಅನ್ನೋ ಜೀನ್‌ಗಳನ್ನ ಆನ್ ಮಾಡಿ ಸೆಲ್ಲನ್ನ ಸಾಯಿಸುತ್ತೆ, ಹೀಗಾಗಿ ಕ್ಯಾನ್ಸರ್ ಬರಲ್ಲ. ನಾನೂ ಹೀಗೇ ಪಾಠ ಮಾಡ್ತಿದ್ದೆ, ಆಗ ಗೊತ್ತಿದ್ದಿದ್ದೂ ಅಷ್ಟೇ. ಪಿ53 ಇಲ್ಲದ ಇಲಿಗಳು 1992ರಲ್ಲಿ ಬಂದಿದ್ವು, ಹುಟ್ಟೋದೇನೋ ಸರಿಯಾಗೇ ಹುಟ್ಟುತ್ತವೆ, ಆರು ತಿಂಗಳೊಳಗೆ ಮುಕ್ಕಾಲು ಪಾಲಿಗೆ ಟ್ಯೂಮರ್. 2013ರಲ್ಲಿ ಪಿ21, ಪ್ಯೂಮಾ, ನಾಕ್ಸಾ ಮೂರನ್ನೂ ತೆಗೆದ ಇಲಿಗಳ ರಿಸಲ್ಟ್ ಬಂತು. ಪುಸ್ತಕದ ಪ್ರಕಾರ ಇವಕ್ಕೂ ಹಾಗೇ ಟ್ಯೂಮರ್ ಬರಬೇಕಿತ್ತು. ಬರಲಿಲ್ಲ. ನಾವು ಬೋರ್ಡ್ ಮೇಲೆ ಬಾಣ ಹಾಕಿ ಹಾಕಿ ತೋರಿಸ್ತಿದ್ದ ಮೂರು ದಾರಿ ಮುಚ್ಚಿದ್ರೂ ಕಾವಲು ನಡೀತಾನೇ ಇತ್ತು. ಹಾಗಾದ್ರೆ ಕಾಯ್ತಿರೋದು ಯಾವುದು? ಡಿಎನ್‌ಎ ರಿಪೇರಿನಾ, ಮೆಟಬಾಲಿಸಮ್ಮಾ, ಹತ್ತಾರು ಚಿಕ್ಕ ಚಿಕ್ಕ ಕೆಲಸ ಸೇರಿನಾ, ಅಂಗಕ್ಕೆ ಒಂದೊಂದು ಥರನಾ, ಇನ್ನೂ ವಾದ ನಡೀತಿದೆ. ಕಾವಲುಗಾರ ಅನ್ನೋ ಹೆಸರು ಅಷ್ಟು ಚೆನ್ನಾಗಿ ಕೂತಿತ್ತಲ್ಲ, ಅವನು ಏನು ಮಾಡ್ತಾನೆ ಅಂತ ಗೊತ್ತಿದೆ ಅನ್ನೋ ಭ್ರಮೆ ಅದರಿಂದಲೇ ಸ್ವಲ್ಪ ಬಂತು ಅಂತ ನನ್ನ ಗುಮಾನಿ.

ಇದರ ಮಧ್ಯೆ 2012ರಲ್ಲಿ ಗ್ಲೆನ್ ಬೆಗ್ಲಿ ಮತ್ತೆ ಲೀ ಎಲ್ಲಿಸ್ ಬರೆದಿದ್ದು, ಆಮ್‌ಜೆನ್ ಅನ್ನೋ ಔಷಧಿ ಕಂಪನಿಯವರು ಕ್ಯಾನ್ಸರ್ ಕ್ಷೇತ್ರದ 53 ಮಹತ್ವದ ಪೇಪರ್‌ಗಳನ್ನ ಮತ್ತೆ ಮಾಡಿ ನೋಡಿದ್ರೆ 6 ಮಾತ್ರ ಸರಿಬಂತು ಅಂತ. ಆ ಅಂಕೆ ನೋಡಿ ನಮ್ಮ ಗುಂಪಲ್ಲಿ ಯಾರೋ ನಕ್ಕಿದ್ರು, ಉಳಿದೋರು ನಗಲಿಲ್ಲ. ಪ್ರೋಟೀನ್ ಸ್ಟ್ರಕ್ಚರ್ ಹೇಳೋ ಆಲ್ಫಾಫೋಲ್ಡ್ ಬಂದ ಮೇಲೆ ಹುಡುಗ್ರು "ಮೇಡಂ, ಇನ್ನು ನಿಮ್ಮ ಕೆಲಸ ಕಂಪ್ಯೂಟರ್ ಮಾಡುತ್ತಲ್ಲ" ಅಂತ ರೇಗಿಸ್ತಾರೆ. ಪಿ53 ಹಾಕಿ ನೋಡು ಅಂತೀನಿ. ಮಧ್ಯದ ಭಾಗ ಸೊಗಸಾಗಿ ಬರುತ್ತೆ, ಎರಡೂ ತುದಿ ಮಾತ್ರ ಗಾಳಿಯಲ್ಲಿ ಎತ್ತೆತ್ತಲೋ ಹೋಗುತ್ತೆ, ನನಗೆ ನಂಬಿಕೆ ಇಲ್ಲ ಅಂತ ಪ್ರೋಗ್ರಾಮೇ ಬಣ್ಣ ಹಚ್ಚಿ ಹೇಳುತ್ತೆ. ನಿಜಕ್ಕೂ ಆ ತುದಿಗಳಿಗೆ ಒಂದು ಸ್ಥಿರ ಆಕಾರ ಇಲ್ಲ, ಎಂಡಿಎಂ2 ಬಂದು ಹಿಡ್ಕೊಳ್ಳೋದೂ ಅಂಥ ಒಂದು ತುದಿಯನ್ನೇ. ಅದು ಹೇಗೆ ಯಾವಾಗ ಯಾರನ್ನ ಹಿಡಿಯುತ್ತೆ ಅನ್ನೋದು ಇನ್ನೂ ಬೆಂಚ್ ಮೇಲೇ ನೋಡ್ಬೇಕು.

ಈಗ ನನ್ನ ಲ್ಯಾಬ್ ಮುಚ್ಚಿದೆ, ಫ್ರೀಜರಲ್ಲಿದ್ದ ಕ್ಲೋನ್‌ಗಳನ್ನ ಕಿರಿಯರಿಗೆ ಹಂಚಿದ್ದಾಯ್ತು, ಒಂದು ಕೋರ್ಸ್ ಮಾತ್ರ ಉಳಿಸ್ಕೊಂಡಿದೀನಿ. ಅದರಲ್ಲಿ ಒಂದು ಅಸೈನ್‌ಮೆಂಟ್ ಇದೆ. 1979ರಿಂದ 1985ರವರೆಗಿನ ಪಿ53 ಪೇಪರ್‌ಗಳನ್ನ ಮಾತ್ರ ಕೊಡ್ತೀನಿ, ಎಚ್‌ಎಲ್60ದೂ ಸೇರಿಸಿ, ನೀವು 1985ರಲ್ಲಿ ಕೂತಿದೀರಿ, ಆಮೇಲಿಂದು ಏನೂ ಗೊತ್ತಿಲ್ಲ, ಈ ಪ್ರೋಟೀನ್ ಕ್ಯಾನ್ಸರ್ ತರುತ್ತಾ ತಡೆಯುತ್ತಾ, ಮುಂದಿನ ಪ್ರಯೋಗ ಯಾವುದು ಮಾಡ್ತೀರಿ, ಗ್ರಾಂಟ್ ಅರ್ಜಿ ಥರ ಬರೀರಿ ಅಂತ. ಉತ್ತರ ಗೊತ್ತಿರೋರು "ತಡೆಯುತ್ತೆ" ಅಂತ ಒಂದೇ ಸಾಲಲ್ಲಿ ಬರೆದು ಬುದ್ಧಿವಂತಿಕೆ ತೋರಿಸ್ತಾರೆ, ಅವರಿಗೆ ಮಾರ್ಕ್ಸ್ ಕಮ್ಮಿ. ಕೆಲವರು ಪೇಪರ್‌ಗಳನ್ನ ಒಂದೊಂದಾಗಿ ತೂಗಿ "ತರುತ್ತೆ" ಅಂತ ಬರೆದು, ಆದ್ರೆ ಈ ಎಚ್‌ಎಲ್60 ಯಾಕೋ ಹೊಂದ್ತಿಲ್ಲ, ಎಲ್ಲರ ಕ್ಲೋನೂ ಒಂದೇನಾ ಅಂತ ಮೊದಲು ಸೀಕ್ವೆನ್ಸ್ ಮಾಡಿ, ಅಂದ್ರೆ ಅಕ್ಷರ ಅಕ್ಷರ ಓದಿ, ನೋಡ್ಬೇಕು ಅಂತ ಬರೀತಾರೆ. ಹೋದ ಸಲ ಹಾಗೆ ಬರೆದ ಒಬ್ಬಳು ಪೂರ್ತಿ ಮಾರ್ಕ್ಸ್ ಬಂದಿದ್ದು ನೋಡಿ ರೂಮಿಗೆ ಬಂದಿದ್ಲು, "ಮೇಡಂ, ನನ್ನ ಉತ್ತರ ತಪ್ಪಲ್ವಾ, ಟೋಟಲ್ ಮಾಡೋದ್ರಲ್ಲಿ ಏನಾದ್ರೂ ಹೆಚ್ಚುಕಮ್ಮಿ ಆಯ್ತಾ?" ಟೋಟಲ್ ಸರಿಯಾಗೇ ಇದೆ, ಆ ಸೀಕ್ವೆನ್ಸಿಂಗ್ ಸಾಲಿಗೇ ಅರ್ಧ ಮಾರ್ಕ್ಸ್ ಅಂತ ಹೇಳಿ ಕಳಿಸ್ದೆ.